ವಿಮಾನದಲ್ಲಿ ಪುಟಾಣಿ: ಇಳಿಯುವ ಅರ್ಧ ಗಂಟೆಗೆ ಏನಾದ್ರೂ ಉಳಿಸಿಕೊಳ್ಳಿ

ವಿಮಾನ ಇನ್ನೂ ನೆಲ ಬಿಟ್ಟಿರಲಿಲ್ಲ. ಪಕ್ಕದ ಸಾಲಿನ ಅಪ್ಪ ಆಗಲೇ ಚೀಲ ಪೂರ್ತಿ ಬಿಚ್ಚಿ ಹರವಿಕೊಂಡಿದ್ದರು. ಕಾರು, ಗೊಂಬೆ, ಬಣ್ಣದ ಪುಸ್ತಕ, ಫೋನಿನಲ್ಲಿ ಕಾರ್ಟೂನು, ಹಾಲಿನ ಬಾಟಲಿ. ಒಂದೂವರೆ ವರ್ಷದ ಮಗ ಒಂದೊಂದನ್ನೂ ಮುಟ್ಟಿ, ಬಾಯಿಗೆ ಹಾಕಿ ನೋಡಿ, ನೆಲಕ್ಕೆ ಬಿಟ್ಟ. ಹಾಲೂ ಖಾಲಿ ಆಯಿತು. ಎರಡು ಗಂಟೆ ಕಳೆದು ವಿಮಾನ ಇಳಿಯತೊಡಗಿದಾಗ ಅವನು ಕಿವಿ ಹಿಡಿದುಕೊಂಡು ರಂಪ ಶುರು ಮಾಡಿದ. ಅಪ್ಪನ ಹತ್ತಿರ ಕೊಡಲು ಏನೂ ಉಳಿದಿರಲಿಲ್ಲ. ಪಾಪ, ಖಾಲಿ ಬಾಟಲಿಯನ್ನೇ ಅಲ್ಲಾಡಿಸುತ್ತಾ ಕೂತಿದ್ದರು.

ಇದನ್ನು ಎಷ್ಟು ಸಲ ನೋಡಿದ್ದೇನೋ ಲೆಕ್ಕವಿಲ್ಲ. ಒಂದು ಸಲ ಆ ಬಾಟಲಿ ನನ್ನ ಕೈಯಲ್ಲೇ ಇತ್ತು. ಒಂದರಿಂದ ಮೂರು ವರ್ಷದ ಮಕ್ಕಳ ಜೊತೆ ಹೊರಡುವವರು ಹಾರುವ ಹೊತ್ತಿಗೆ ಬೇಕಾದ್ದನ್ನೆಲ್ಲ ತುಂಬಿಕೊಳ್ಳುತ್ತಾರೆ, ಇಳಿಯುವ ಹೊತ್ತನ್ನು ಮರೆತೇಬಿಡುತ್ತಾರೆ. ಅದಕ್ಕೇ ಈ ಲೇಖನದಲ್ಲಿ ಏಳನೇ ಹೆಜ್ಜೆ ಉದ್ದವಾಗಿದೆ.

1. ಸೀಟು ಆರಿಸುವುದು

ಎರಡು ವರ್ಷ ತುಂಬದ ಮಗುವನ್ನು ಸಾಮಾನ್ಯವಾಗಿ ಮಡಿಲಲ್ಲೇ ಕೂರಿಸಿಕೊಂಡು ಹೋಗಬಹುದು. ಎರಡು ತುಂಬಿತು ಅಂದರೆ ಅದಕ್ಕೇ ಒಂದು ಸೀಟು ಬೇಕು. ಹೋಗುವಾಗ 23 ತಿಂಗಳು, ವಾಪಸ್ ಬರುವಾಗ 24 ದಾಟಿದ್ದರೆ ಬರುವ ಟಿಕೆಟ್ಟಿಗೆ ಸೀಟು ತೆಗೆದುಕೊಳ್ಳಲೇಬೇಕು. ಇದನ್ನು ಕೌಂಟರಿನಲ್ಲಿ ನಿಂತಾಗ ಕಂಡುಕೊಳ್ಳುವವರು ಬೇಕಾದಷ್ಟು ಜನ. ಕೈಲಾದರೆ ಎರಡು ತುಂಬುವ ಮೊದಲೇ ಸೀಟು ತೆಗೆದುಕೊಳ್ಳಿ ಅನ್ನುತ್ತೇನೆ. ವಿಮಾನ ಜೋರಾಗಿ ಕುಲುಕಿದರೆ ಬರೀ ತೋಳಿನಲ್ಲಿ ಮಗುವನ್ನು ಹಿಡಿದಿಡಲು ಯಾರಿಂದಲೂ ಆಗುವುದಿಲ್ಲ.

ಮಗು ಕಿಟಕಿಯ ಕಡೆ, ನೀವು ಅದರ ಪಕ್ಕ. ಓಡಾಡುವ ದಾರಿಯ ಕಡೆ ಕೂರಿಸಿದರೆ ಟ್ರಾಲಿ ಬಂದಾಗಲೆಲ್ಲ ಮೊಣಕೈ ಕಾಯಬೇಕು, ಬಿಸಿ ಕಾಫಿಯ ಲೋಟಗಳು ತಲೆಯ ಮೇಲೇ ಹೋಗುತ್ತವೆ.

ಎದುರಿಗೆ ಬರೀ ಗೋಡೆ ಇರುವ ಮುಂದಿನ ಸಾಲಿಗೆ ಜನ ಮುಗಿಬೀಳುತ್ತಾರೆ. ನನಗೆ ಅದು ಬೇಡ. ಅಲ್ಲಿ ಊಟದ ಹಲಗೆ ಸೀಟಿನ ಕೈಯೊಳಗೇ ಇರುತ್ತದೆ, ಹಾಗಾಗಿ ಆ ಕೈಯನ್ನು ಮೇಲೆತ್ತಿ ಮಗುವನ್ನು ಮಲಗಿಸಲು ಆಗುವುದಿಲ್ಲ. ಕಾಲ ಬುಡದಲ್ಲಿ ಚೀಲ ಇಡಲು ಜಾಗವೂ ಇಲ್ಲ. ಏರುವಾಗ, ಇಳಿಯುವಾಗ ಚೀಲ ಮೇಲಿನ ಡಬ್ಬಿಗೆ ಹೋಗಬೇಕು. ಸರಿಯಾಗಿ ಬೇಕಾದ ಹೊತ್ತಿಗೇ ಅದು ಕೈಗೆ ಸಿಗುವುದಿಲ್ಲ.

ಇನ್ನೊಂದು ಮಾತು. ನಿಮ್ಮ ಸಾಲಿನಲ್ಲೇ ಇನ್ನೊಬ್ಬರು ಮಡಿಲ ಮಗುವಿನ ಜೊತೆ ಬಂದರೆ, ಸಿಬ್ಬಂದಿ ಒಬ್ಬರನ್ನು ಎಬ್ಬಿಸಿ ಬೇರೆ ಕಡೆ ಕಳಿಸುತ್ತಾರೆ. ಜಗಳ ಆಡಬೇಡಿ. ಸಾಲಿನ ಒಂದು ಬದಿಯಲ್ಲಿ ಸಾಮಾನ್ಯವಾಗಿ ಒಂದೇ ಒಂದು ಆಮ್ಲಜನಕದ ಮಾಸ್ಕ್ ಜಾಸ್ತಿ ಇರುತ್ತದೆ.

2. ಚೀಲ ತುಂಬುವುದು

ಒಂದು ಸಣ್ಣ ಚೀಲ, ಮುಂದಿನ ಸೀಟಿನ ಕೆಳಗೆ ಹಿಡಿಸುವಷ್ಟು. ಅದರೊಳಗೆ ಇನ್ನೊಂದು ಪುಟ್ಟ ಚೀಲ. ಈ ಒಳಚೀಲದ ಬಾಯಿಗೆ ಗಟ್ಟಿಯಾಗಿ ಗಂಟು ಹಾಕಿ. ಇದು ಇಳಿಯುವ ಹೊತ್ತಿನದು. ಮಗು ಏನೇ ರಚ್ಚೆ ಹಿಡಿದರೂ ಅಲ್ಲಿಯವರೆಗೆ ಬಿಚ್ಚುವಂತಿಲ್ಲ. ಒಳಗೆ ಏನಿರಬೇಕು ಅಂತ ಆಮೇಲೆ ಹೇಳುತ್ತೇನೆ.

ಆಟಿಕೆಗಳ ವಿಷಯದಲ್ಲಿ ನನ್ನದು ಕಟ್ಟುನಿಟ್ಟು. ಉರುಳುವುದು ಬೇಡ, ಸದ್ದು ಮಾಡುವುದು ಬೇಡ, ಹತ್ತಕ್ಕಿಂತ ಜಾಸ್ತಿ ತುಂಡು ಇರುವುದು ಬೇಡವೇ ಬೇಡ. ದುಂಡನೆಯ ಕ್ರೇಯಾನ್ ಒಂದು ಸಲ ಜಾರಿತು ಅಂದರೆ ಆರು ಸಾಲು ಹಿಂದೆ ಸಿಗುತ್ತದೆ. ಮೂರು ಮೂಲೆಯದು ತಗೊಳ್ಳಿ. ಅಂಟು ಮಣ್ಣು, ಲೋಳೆಯಂಥ ಆಟದ ಸಾಮಾನು ಕೊಟ್ಟರೆ ಸೀಟಿನ ಸಂದಿಯಿಂದ ಕೆರೆದು ತೆಗೆಯುವವರು ನೀವೇ.

ನಾನು ಕೈಬಿಡದ ಒಂದೇ ಸಾಮಾನು ಕಾಗದದ ಟೇಪು, ಗೋಡೆಗೆ ಬಣ್ಣ ಬಳಿಯುವವರು ಅಂಚಿಗೆ ಹಚ್ಚುವಂಥದ್ದು. ಗೇಣುದ್ದ ಹರಿದು ಊಟದ ಹಲಗೆಯ ಮೇಲೆ ಅಂಟಿಸಿ, ತುದಿಯನ್ನು ಸ್ವಲ್ಪ ಎತ್ತಿ ಬಿಡಿ. ಮಗು ಉಗುರಿನಿಂದ ಆ ತುದಿ ಹುಡುಕುತ್ತದೆ. ಉಸಿರು ಬಿಗಿಹಿಡಿದು ಎಳೆಯುತ್ತದೆ. ಕಿತ್ತು ಬಂದದ್ದು ಬೆರಳಿಗೆ ಅಂಟುತ್ತದೆ. ಬಿಡಿಸಿದರೆ ಇನ್ನೊಂದು ಬೆರಳಿಗೆ. ಅಲ್ಲಿಂದ ನಿಮ್ಮ ಮೂಗಿಗೆ. ಇಪ್ಪತ್ತು ನಿಮಿಷ ಹೀಗೇ ಹೋದದ್ದಿದೆ, ಯಾವ ದುಬಾರಿ ಆಟಿಕೆಯೂ ನನಗೆ ಅಷ್ಟು ಬಿಡುವು ಕೊಟ್ಟಿಲ್ಲ. ಕಿತ್ತಾಗ ಕಲೆಯೂ ಉಳಿಯುವುದಿಲ್ಲ. ತುಂಡುಗಳು ಬಾಯಿಗೆ ಹೋಗದ ಹಾಗೆ ಒಂದು ಕಣ್ಣಿಟ್ಟಿರಿ, ಅಷ್ಟೇ.

ಉಳಿದ ನಾಲ್ಕೈದು ಸಾಮಾನನ್ನು ಒಂದೊಂದಾಗಿ ಹಳೆ ಕಾಗದದಲ್ಲಿ ಸುತ್ತಿ. ಬಿಚ್ಚುವುದೇ ಅರ್ಧ ಆಟ.

ದುಡ್ಡು ದಂಡ ಮಾಡುವ ವಸ್ತುಗಳೂ ಇವೆ. ಎರಡು ಸೀಟಿನ ನಡುವೆ ಗಾಳಿ ತುಂಬಿ ಹಾಸಿಗೆ ಮಾಡುವ ದಿಂಬನ್ನು ಎಷ್ಟೋ ವಿಮಾನ ಕಂಪನಿಗಳು ಬಳಸಲು ಬಿಡುವುದಿಲ್ಲ. ಮಕ್ಕಳ ಕುತ್ತಿಗೆ ದಿಂಬು ಫೋಟೋದಲ್ಲಿ ಮುದ್ದಾಗಿರುತ್ತದೆ. ಪುಟ್ಟ ಮಕ್ಕಳ ಕುತ್ತಿಗೆ ಗಿಡ್ಡ, ತಲೆ ದೊಡ್ಡದು. ಆ ದಿಂಬು ತಲೆಯನ್ನು ಮುಂದಕ್ಕೆ ತಳ್ಳಿ ಗಲ್ಲವನ್ನು ಎದೆಗೆ ಒತ್ತುತ್ತದೆ. ಒಂದು ತೆಳ್ಳನೆ ಹೊದಿಕೆ ಮಡಚಿಟ್ಟುಕೊಳ್ಳಿ, ಸಾಕು.

ಗಂಟೆಗೊಂದು ಲೆಕ್ಕದಲ್ಲಿ ಡೈಪರ್, ಮೇಲೆ ಎರಡು ಜಾಸ್ತಿ. ಮಗುವಿಗೆ ಒಂದು ಜೊತೆ ಬಟ್ಟೆ. ನಿಮಗೂ ಒಂದು ಅಂಗಿ! ವಾಂತಿ ಆಗುವುದು ಮಗುವಿಗೆ, ಬೀಳುವುದು ನಿಮ್ಮ ಮೇಲೆ ಅಲ್ವಾ.

3. ತಪಾಸಣೆ

ದ್ರವಕ್ಕೆ 100 ಮಿಲಿ ಮಿತಿ ಇರುವ ಕಡೆಯೂ ಮಗುವಿನ ಹಾಲಿಗೆ ಸಾಮಾನ್ಯವಾಗಿ ವಿನಾಯ್ತಿ ಇರುತ್ತದೆ. ಕೇಳುವ ಮೊದಲೇ ಹೊರತೆಗೆದು ತೋರಿಸಿ.

4. ಹತ್ತುವುದು

ಮಕ್ಕಳಿರುವವರು ಮೊದಲು ಬನ್ನಿ ಅಂತ ಕರೆಯುತ್ತಾರೆ. ಹೋಗಬೇಡಿ. ಮೊದಲು ಹತ್ತಿದರೆ ಅಷ್ಟೂ ಹೊತ್ತು ಮಗುವನ್ನು ಸೀಟಿಗೆ ಕಟ್ಟಿ ಕೂರಿಸಬೇಕು. ಇಬ್ಬರು ದೊಡ್ಡವರಿದ್ದರೆ ಒಬ್ಬರು ಚೀಲ ಹಿಡಿದು ಹೋಗಲಿ, ಇನ್ನೊಬ್ಬರು ಮಗುವನ್ನು ಹೊರಗೆ ಓಡಾಡಿಸಿ ಕೊನೆಯಲ್ಲಿ ಬರಲಿ. ಡೈಪರ್ ಬದಲಿಸುವುದು ಹತ್ತುವ ಸ್ವಲ್ಪ ಮೊದಲು. ಒಬ್ಬರೇ ಇದ್ದು ಚೀಲ ಜಾಸ್ತಿ ಇದ್ದರೆ ಮಾತ್ರ ಬೇಗ ಹತ್ತಿ.

5. ಏರುವಾಗ

ನಾಲ್ಕು ಗುಟುಕು ಕುಡಿಸಿ. ಬಾಟಲಿ ಖಾಲಿ ಮಾಡಬೇಡಿ.

6. ಹಾರುವಾಗ

ಒಂದು ಆಟಿಕೆ ಚೀಲಕ್ಕೆ ಹೋದ ಮೇಲೇ ಇನ್ನೊಂದು ಹೊರಗೆ ಬರಬೇಕು. ಮಗುವಿಗೆ ಬೇಜಾರಾದ ಮೇಲೆ ಅಲ್ಲ, ಬೇಜಾರಾಗುವ ಸೂಚನೆ ಕಂಡಾಗಲೇ ಬದಲಿಸಿ. ಕಣ್ಣು ಅತ್ತಿತ್ತ ಹೋಗತೊಡಗಿದರೆ ಅದೇ ಸೂಚನೆ.

ಸ್ಟ್ರಾ ಇರುವ ಸಿಪ್ಪರ್ ಬಗ್ಗೆ ಒಂದು ಎಚ್ಚರಿಕೆ, ಸ್ವಂತ ಅನುಭವದಿಂದ. ಆಕಾಶದಲ್ಲಿ ಕ್ಯಾಬಿನ್ನಿನ ಒಳಗೆ ನೆಲದಷ್ಟು ಗಾಳಿಯ ಒತ್ತಡ ಇರುವುದಿಲ್ಲ. 6,000ದಿಂದ 8,000 ಅಡಿ ಎತ್ತರದ ಬೆಟ್ಟದ ಮೇಲೆ ಇರುವಷ್ಟು ಇರುತ್ತದೆ. ನೆಲದಲ್ಲಿ ಮುಚ್ಚಿದ ಸಿಪ್ಪರಿನೊಳಗಿನ ಗಾಳಿ ಅಲ್ಲಿ ಹಿಗ್ಗಿ ಕೂತಿರುತ್ತದೆ. ತಿಂಡಿಯ ಪೊಟ್ಟಣ ಉಬ್ಬುತ್ತದಲ್ಲ, ಅದೇ ಕತೆ. ಇದು ಗೊತ್ತಿಲ್ಲದೆ ನಾನು ಸ್ಟ್ರಾದ ಮುಚ್ಚಳ ಟಕ್ಕನೆ ತೆಗೆದೆ. ಹಾಲು ಪಿಚಕಾರಿಯ ಹಾಗೆ ಚಿಮ್ಮಿ ಪಕ್ಕದವರ ಬಿಳಿ ಅಂಗಿಯ ಜೇಬಿಗೇ ಹೋಯಿತು. ಅವರು ನಕ್ಕರು, ಪುಣ್ಯ. ಈಗ ಮೊದಲು ದೊಡ್ಡ ಮುಚ್ಚಳವನ್ನು ಅರ್ಧ ತಿರುವಿ ಗಾಳಿ ಬಿಡುತ್ತೇನೆ, ಮತ್ತೆ ಬಿಗಿ ಮಾಡಿ ಸ್ಟ್ರಾ ಎತ್ತುತ್ತೇನೆ. ಮೇಲೊಂದು ಬಟ್ಟೆ ಹಿಡಿದಿರುತ್ತೇನೆ.

ಒಳಗಿನ ಗಾಳಿ ತುಂಬಾ ಒಣ. ತೇವಾಂಶ ಎಷ್ಟೋ ಸಲ ಶೇ 20ಕ್ಕಿಂತ ಕೆಳಗಿರುತ್ತದೆ. ಆಗಾಗ ನೀರು ಕೊಡುತ್ತಿರಿ.

ಮುಂದಿನ ಸೀಟಿಗೆ ಒದೆಯುವುದು ಮಗುವಿನ ಕಿಡಿಗೇಡಿತನ ಅಲ್ಲ. ತೊಡೆ ಗಿಡ್ಡ ಇರುವುದರಿಂದ ಮಂಡಿ ಸೀಟಿನ ಅಂಚಿನವರೆಗೆ ಬರುವುದೇ ಇಲ್ಲ. ಕಾಲು ನೆಟ್ಟಗೆ ಮುಂದೆ ಚಾಚಿರುತ್ತದೆ, ಪಾದ ಸರಿಯಾಗಿ ಮುಂದಿನವರ ಬೆನ್ನಿಗೆ ಬರುತ್ತದೆ. ಗದರಿ ಏನೂ ಪ್ರಯೋಜನ ಇಲ್ಲ. ಶೂ ಬಿಚ್ಚಿ, ಬೆನ್ನಿಗೆ ಏನೂ ಇಡಬೇಡಿ, ಪೂರ್ತಿ ಹಿಂದಕ್ಕೆ ಕೂರಿಸಿ.

ಶೌಚಾಲಯದಲ್ಲಿ ಮಗುವನ್ನು ಹೊರಗೆ ಬಿಟ್ಟ ಮೇಲೆ ಫ್ಲಶ್ ಒತ್ತಿ, ಇಲ್ಲವೇ ಅದರ ಕಿವಿ ಮುಚ್ಚಿ. ಆ 'ಹುಶ್ಶ್' ಸದ್ದಿಗೆ ಒಂದು ಸಲ ಹೆದರಿದ ಮಗು ಮತ್ತೆ ಆ ಬಾಗಿಲ ಹತ್ತಿರ ಬರುವುದಿಲ್ಲ.

ಫೋನು ಕೊಡಬಹುದಾ? ಕೊಡಿ, ವಿಮಾನದಲ್ಲಿ ಅದಕ್ಕೆಲ್ಲ ನಾನು ತಲೆ ಕೆಡಿಸಿಕೊಳ್ಳುವುದಿಲ್ಲ. ಆದರೆ ಅರ್ಧ ದಾರಿ ಕಳೆದ ಮೇಲೆ ಕೊಡಿ. ಮೊದಲೇ ಕೊಟ್ಟರೆ ಬೇರೆ ಯಾವುದೂ ಹಿಡಿಸುವುದಿಲ್ಲ. ಹೆಡ್‌ಫೋನು ಹಾಕಿಕೊಳ್ಳುವುದನ್ನು ಮನೆಯಲ್ಲೇ ರೂಢಿ ಮಾಡಿಸಿ. ಎಂಜಿನ್ ಸದ್ದಿನಲ್ಲಿ ಕೇಳಿಸುತ್ತಿಲ್ಲ ಅಂತ ವಾಲ್ಯೂಮ್ ಏರಿಸುತ್ತಾ ಹೋಗಬೇಡಿ.

ನಿದ್ದೆ ಬರಲಿ ಅಂತ ಅಲರ್ಜಿಯ ಸಿರಪ್ ಕುಡಿಸುವ ಒಳದಾರಿಯನ್ನು ಯಾರಾದರೂ ಹೇಳಿಕೊಡುತ್ತಾರೆ. ಕೇಳಬೇಡಿ. ಕೆಲವು ಮಕ್ಕಳಿಗೆ ಅದು ಉಲ್ಟಾ ಹೊಡೆಯುತ್ತದೆ, ನಿದ್ದೆಯ ಬದಲು ಕುಣಿದಾಟ ಶುರುವಾಗುತ್ತದೆ. ಮಗುವಿಗೆ ಅಪಾಯವೂ ಆಗಬಹುದು.

7. ಇಳಿಯುವಾಗ

ಮೊದಲು ಕಿವಿಯೊಳಗೆ ಏನಾಗುತ್ತದೆ ಅಂತ ತಿಳಿದುಕೊಳ್ಳಿ. ಕಿವಿಯ ತಮಟೆಯ ಹಿಂದಿನ ಜಾಗದಿಂದ ಗಂಟಲಿನ ಹಿಂಭಾಗಕ್ಕೆ ಒಂದು ಸಣ್ಣ ಕೊಳವೆ ಇದೆ. ಅದು ಸದಾ ಮುಚ್ಚಿಕೊಂಡಿರುತ್ತದೆ. ಗುಟುಕು ನುಂಗಿದಾಗ, ಆಕಳಿಸಿದಾಗ ಒಂದು ಕ್ಷಣ ತೆರೆಯುತ್ತದೆ. ಬಲೂನಿನ ಬಾಯಿ ನೆನೆಸಿಕೊಳ್ಳಿ. ಒಳಗಿನ ಗಾಳಿ ತಾನಾಗಿಯೇ ಹೊರಗೆ ನುಗ್ಗುತ್ತದೆ. ಹೊರಗಿನದು ತಾನಾಗಿ ಒಳಗೆ ಹೋಗುವುದಿಲ್ಲ. ವಿಮಾನ ಏರುವಾಗ ಗಾಳಿ ಕಿವಿಯಿಂದ ಹೊರಗೆ ಬರಬೇಕು, ಹಾಗಾಗಿ ಅಷ್ಟು ಕಷ್ಟ ಆಗುವುದಿಲ್ಲ. ಇಳಿಯುವಾಗ ಹೊರಗಿನ ಒತ್ತಡ ಏರುತ್ತದೆ, ಗಾಳಿ ಒಳಗೆ ಹೋಗಬೇಕು, ಕೊಳವೆಯ ಬಾಯಿ ಅಂಟಿಕೊಳ್ಳುತ್ತದೆ. ತಮಟೆ ಒಳಕ್ಕೆ ಜಗ್ಗುತ್ತದೆ, ನೋವಾಗುತ್ತದೆ. ಮಕ್ಕಳ ಕೊಳವೆ ನಮ್ಮದಕ್ಕಿಂತ ಗಿಡ್ಡ, ಕಿರಿದು, ಹೆಚ್ಚು ಅಡ್ಡಡ್ಡ. ಬೇಗ ಕಟ್ಟಿಕೊಳ್ಳುತ್ತದೆ.

ಇದು ಒಂದೇ ಏಟಿಗೆ ಆಗುವುದಲ್ಲ. ಇಳಿಯುವಾಗ ಕ್ಯಾಬಿನ್ನಿನ ಒತ್ತಡವನ್ನು ನಿಮಿಷಕ್ಕೆ ಸುಮಾರು 300 ಅಡಿ ಇಳಿದ ಲೆಕ್ಕದಲ್ಲಿ ನಿಧಾನಕ್ಕೆ ಬದಲಿಸುತ್ತಾರೆ. 8,000 ಅಡಿಯಿಂದ ನೆಲಕ್ಕೆ ಬರಲು ಹೆಚ್ಚುಕಮ್ಮಿ 25 ನಿಮಿಷ. ಅಷ್ಟೂ ಹೊತ್ತು ಮಗು ಆಗಾಗ ಏನಾದರೂ ನುಂಗುತ್ತಿರಬೇಕು. ಚಕ್ರ ನೆಲ ಮುಟ್ಟುವಾಗ ಕುಡಿಸಿದರೆ ಸಾಕು ಅಂದುಕೊಂಡವರು ಕೆಡುವುದು ಇಲ್ಲೇ.

ಶುರುವಾದದ್ದು ಹೇಗೆ ಗೊತ್ತಾಗುತ್ತದೆ? ಎಂಜಿನ್ನಿನ ಸದ್ದು ಒಂದು ಮಟ್ಟ ತಗ್ಗುತ್ತದೆ, ಮೂತಿ ಸ್ವಲ್ಪ ಬಾಗಿದ ಹಾಗೆ ಅನ್ನಿಸುತ್ತದೆ, ನಿಮ್ಮ ಕಿವಿಯೇ ಮೆಲ್ಲಗೆ ಮುಚ್ಚಿಕೊಳ್ಳುತ್ತದೆ. ಸೀಟ್ ಬೆಲ್ಟಿನ ದೀಪ ನಂಬಿಕೊಂಡು ಕೂರಬೇಡಿ, ಅದು ಹತ್ತುವುದು ಎಷ್ಟೋ ಸಲ ಆಮೇಲೆ. ಸಂದೇಹ ಇದ್ದರೆ ಸಿಬ್ಬಂದಿಯನ್ನೇ ಕೇಳಿ, ಹೇಳುತ್ತಾರೆ.

ಮಲಗಿದ ಮಗುವನ್ನು ಎಬ್ಬಿಸಬೇಕಾ? ನಾನು ಎಬ್ಬಿಸುತ್ತೇನೆ. ಎಬ್ಬಿಸಬೇಡಿ ಅನ್ನುವವರೂ ಇದ್ದಾರೆ. ನಿದ್ದೆಯಲ್ಲಿ ನುಂಗುವುದು ಕಡಿಮೆ, ಅದೇ ನನ್ನ ತಕರಾರು. ಮಗಳು ಮೊದಲ ಪ್ರಯಾಣದಲ್ಲಿ ಹೆಗಲ ಮೇಲೆ ಹಾಯಾಗಿ ಮಲಗಿದ್ದಳು. ಸುತ್ತಲಿನವರೆಲ್ಲ ಎಂಥಾ ಪಾಪದ ಮಗು ಅಂತ ಹೊಗಳುತ್ತಿದ್ದರು. ನಾನೂ ಉಬ್ಬಿಹೋಗಿದ್ದೆ. ಇಳಿಯಲು ಹದಿನೈದು ನಿಮಿಷ ಇರುವಾಗ ಚಿಟ್ಟನೆ ಚೀರಿ ಎದ್ದಳು. ಹಾಲೆಲ್ಲ ಏರುವಾಗಲೇ ಮುಗಿಸಿದ್ದೆ. ಆ ಹದಿನೈದು ನಿಮಿಷ ಬೇಡಪ್ಪಾ ಬೇಡ.

ಹಾಗಾಗಿ ಇಳಿಯಲು 40 ನಿಮಿಷ ಇದೆ ಅನ್ನುವಾಗ ಮೆಲ್ಲಗೆ ಎಬ್ಬಿಸಿ. ನಿದ್ದೆಗಣ್ಣಿನ ಮುನಿಸು ಇಳಿಯಲು ಹತ್ತು ನಿಮಿಷ ಬೇಕು. ನೆಟ್ಟಗೆ ಕೂರಿಸಿ, ಬೆಲ್ಟ್ ಹಾಕಿ. ಈಗ ಗಂಟು ಬಿಚ್ಚಿ. ಒಳಚೀಲದಲ್ಲಿ ಇರಬೇಕಾದ್ದು: ತುಂಬಿದ ಸಿಪ್ಪರ್, ಮಗು ಈವರೆಗೆ ನೋಡಿರದ ಒಂದು ಆಟಿಕೆ, ಚೀಪಿ ತಿನ್ನುವ ಮೆತ್ತನೆಯ ತಿಂಡಿ, ಚೀಪುವ ರೂಢಿ ಇದ್ದರೆ ಅದರ ನಿಪ್ಪಲ್.

ಕುಡಿಸುವುದರಲ್ಲೇ ಚಾಕಚಕ್ಯ ಇರುವುದು. ಸಿಪ್ಪರನ್ನು ಮಗುವಿನ ಕೈಗೆ ಕೊಟ್ಟರೆ ಎರಡು ನಿಮಿಷದಲ್ಲಿ ಖಾಲಿ. ನಿಮ್ಮ ಕೈಯಲ್ಲೇ ಇರಲಿ. ಎರಡು ಗುಟುಕು, ಆಮೇಲೆ ಆಟ. ಒಂದು ನಿಮಿಷ ಬಿಟ್ಟು ಮತ್ತೆ ಎರಡು ಗುಟುಕು. ಗೊಂಬೆಗೊಂದು ಗುಟುಕು, ನಿನಗೊಂದು ಗುಟುಕು ಅಂತ ಹಂಚಿ. ಕುಡಿಯಲು ಒಲ್ಲೆ ಅಂದರೆ ತಿಂಡಿಯ ಸಣ್ಣ ಚೂರು. ಅದೂ ಬೇಡ ಅಂದರೆ ನೀವು ಬಾಯಿ ಅಗಲಿಸಿ ಜೋರಾಗಿ ಆಕಳಿಸಿ, ಸಿಂಹ ಆಕಳಿಸಿತು ಅನ್ನಿ. ಒಂದೆರಡು ಸಲಕ್ಕೆ ಅದೂ ಬಾಯಿ ತೆರೆಯುತ್ತದೆ.

ಇಷ್ಟು ಮಾಡಿಯೂ ಅತ್ತರೆ? ಅಳಲಿ ಬಿಡಿ. ಅಳುವಾಗಲೂ ನಡುನಡುವೆ ನುಂಗುತ್ತದೆ, ಕೊಳವೆ ತೆರೆಯುತ್ತದೆ. ಸುತ್ತಲಿನವರು ತಿರುಗಿ ನೋಡಿದರೆ ನೋಡಲಿ.

ಗಟ್ಟಿ ಮಿಠಾಯಿ ಕೊಡಬೇಡಿ, ಅದು ದೊಡ್ಡವರಿಗೆ ಸರಿ, ಈ ವಯಸ್ಸಿಗೆ ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ. ಇಡೀ ದ್ರಾಕ್ಷಿ, ಬೀಜಗಳೂ ಹಾಗೇ. ಮೂಗು ಹಿಡಿದು ಊದಿಸಲು ಹೋಗಬೇಡಿ. ಬಿಸಿನೀರಲ್ಲಿ ಅದ್ದಿದ ಕಾಗದವನ್ನು ಲೋಟದಲ್ಲಿಟ್ಟು ಕಿವಿಗೆ ಹಿಡಿಯುವ ಉಪಾಯ ಹೇಳುವವರು ಸಿಗುತ್ತಾರೆ. ಅದರಿಂದ ಕಿವಿಯೊಳಗಿನ ಒತ್ತಡ ಒಂದಿಷ್ಟೂ ಬದಲಾಗುವುದಿಲ್ಲ, ಬಿಸಿನೀರು ಚೆಲ್ಲಿ ಸುಟ್ಟುಕೊಂಡರೆ ಅದೊಂದು ಬೇರೆ.

ಮಗುವಿಗೆ ಜೋರು ನೆಗಡಿ ಅಥವಾ ಕಿವಿ ಸೋಂಕು ಇದ್ದರೆ ಹೊರಡುವ ಮೊದಲೇ ವೈದ್ಯರಿಗೆ ತೋರಿಸಿ. ಮೂಗು ಬಿಡಿಸುವ ಔಷಧಿಯನ್ನು ನೀವಾಗಿ ಹಾಕಬೇಡಿ.

8. ನೆಲ ಮುಟ್ಟಿದ ಮೇಲೆ

ವಿಮಾನ ನಿಂತ ತಕ್ಷಣ ಎಲ್ಲರೂ ಧಡಕ್ಕನೆ ಎದ್ದು ಸಾಲು ಕಟ್ಟುತ್ತಾರೆ. ನೀವು ಏಳಬೇಡಿ. ಕಾಗದದ ಟೇಪು ಉಳಿದಿದೆಯಲ್ಲ, ಒಂದು ತುಂಡು ಕಿಟಕಿಗೆ ಅಂಟಿಸಿ. ದಾರಿ ಖಾಲಿಯಾದ ಮೇಲೆ ಎದ್ದು ಸೀಟಿನ ಕೆಳಗೆ ಒಮ್ಮೆ ಕೈಯಾಡಿಸಿ. ಒಂದು ಕಾಲಿನ ಶೂ ಅಲ್ಲೇ ಇರುತ್ತದೆ.