ಬಣವೆ ಒಂದು, ಬ್ರಷ್ ಒಂದು, ಸಂಜೆ ಬಿಸಿಲು

ಫ್ರಾನ್ಸಿನ ಜಿವರ್ನಿಯಲ್ಲಿ ಚಿತ್ರಕಾರ ಕ್ಲಾಡ್ ಮೋನೆ 1890–91ರಲ್ಲಿ ಮನೆ ಹತ್ತಿರದ ಹೊಲದ ಬಣವೆಗಳನ್ನೇ ಮತ್ತೆ ಮತ್ತೆ ಬರೆದರು. ಸುಮಾರು 25 ಚಿತ್ರ! ಅವರಿಗೆ ಬೇಕಿದ್ದದ್ದು ಹುಲ್ಲಲ್ಲ, ಅದರ ಮೇಲೆ ಬಿದ್ದ ಬೆಳಕು. ಅಂಥದ್ದೊಂದು ಚಿತ್ರ ನಾವೂ ಬರೆಯಲು ನಮ್ಮ ಕಣದ ಪಕ್ಕದ ರಾಗಿ ಹುಲ್ಲಿನ ಬಣವೆಯೇ ಸಾಕು.

12x16 ಇಂಚಿನ ಕ್ಯಾನ್ವಾಸ್, ಅಕ್ರಿಲಿಕ್ ಬಣ್ಣ, ಅಗಲ ಮೂತಿಯ ಗಟ್ಟಿ ಕೂದಲಿನ ಬ್ರಷ್ ಇರಲಿ. ಸಣ್ಣ ಬ್ರಷ್ ಮನೆಯಲ್ಲೇ ಬಿಟ್ಟು ಬನ್ನಿ. ಕೈಗೆ ಸಿಕ್ಕರೆ ಒಂದೊಂದೇ ಹುಲ್ಲು ಎಣಿಸಿ ಬರೆಯುತ್ತಾ ಕೂರುತ್ತೀರಿ. ಕಪ್ಪು ಬಣ್ಣವೂ ಬೇಡ.

ಮೊದಲು ಬರ್ನ್ಟ್ ಸಿಯೆನಾ ಎಂಬ ಕೆಂಗಂದು ಬಣ್ಣವನ್ನು ನೀರಿನಲ್ಲಿ ತೆಳ್ಳಗೆ ಮಾಡಿ ಇಡೀ ಕ್ಯಾನ್ವಾಸಿಗೆ ಬಳಿದು ಒಣಗಿಸಿ. ಆಮೇಲೆ ಬ್ರಷ್ಷಿನ ಹೊಡೆತಗಳ ನಡುವೆ ಜಾಗ ಉಳಿದರೂ ಬಿಳಿ ಕಾಣದು, ಬೆಚ್ಚಗಿನ ಕೆಂಪು ಇಣುಕುತ್ತದೆ.

ಈಗ ಕಣ್ಣು ಅರ್ಧ ಮುಚ್ಚಿ ನೋಡಿ. ವಿವರ ಮಾಯವಾಗಿ ಆಕಾಶ, ಹೊಲ, ಬಣವೆ, ನೆರಳು ಅಂತ ನಾಲ್ಕು ತೇಪೆ ಉಳಿಯುತ್ತವೆ. ಅಷ್ಟನ್ನೇ ಗುರುತು ಹಾಕಿ.

ನೆರಳಿನಲ್ಲೇ ಜಾಸ್ತಿ ಜನ ಎಡವುವುದು. ಸಂಜೆ ಬಿಸಿಲು ಹಳದಿ, ಕಿತ್ತಳೆ. ಅದು ತಲುಪದ ಕಡೆ ಆಕಾಶದ ನೀಲಿ ಬೆಳಕು ಬೀಳುತ್ತದೆ, ಅದಕ್ಕೇ ನೆರಳು ನೇರಳೆಗೆ ತಿರುಗುತ್ತದೆ. ಅಲ್ಟ್ರಾಮರೀನ್ ನೀಲಿಗೆ ಕ್ರಿಮ್ಸನ್ ಕೆಂಪು, ಚೂರು ಓಕರ್ (ಮಣ್ಣಿನ ಹಳದಿ) ಸೇರಿಸಿ. ಅದರ ಅಂಚಿಗೇ ಕಿತ್ತಳೆ ಇಟ್ಟು ನೋಡಿ, ಎರಡೂ ಹೊಳೆಯುತ್ತವೆ. ಕಪ್ಪು ಹಾಕಿದ್ದರೆ ಅಲ್ಲೊಂದು ಗುಂಡಿ ಬಿದ್ದ ಹಾಗೆ ಕಾಣುತ್ತಿತ್ತು.

ಬಣ್ಣವನ್ನು ಪೂರ್ತಿ ಕಲಸಬೇಡಿ. ಎರಡು ಬಣ್ಣ ಅರೆಬರೆ ಬೆರೆತಿರುವಾಗಲೇ ದಪ್ಪಗೆ ಎತ್ತಿಕೊಂಡು ಒಂದೇ ಸಲ ಹೊಡೆದು ಕೈ ತೆಗೆಯಿರಿ. ಮತ್ತೆ ಅದರ ಮೇಲೆ ಸುಮ್ನೆ ಸವರಿದರೆ ಕೆಸರು! ಬಣವೆಯಲ್ಲಿ ಹುಲ್ಲು ಇಳಿಬಿದ್ದ ದಿಕ್ಕಿಗೇ ಬ್ರಷ್ ಎಳೆಯಿರಿ. ಹತ್ತಿರದ ಕೂಳೆಗೆ ಗಿಡ್ಡ ನೆಟ್ಟ ಹೊಡೆತ, ದೂರದ ಹೊಲಕ್ಕೆ ಅಡ್ಡ ಗೆರೆ. ಆಕಾಶಕ್ಕೆ ಹೇಗೆ ಬೇಕೋ ಹಾಗೆ. ನಡುನಡುವೆ ಬ್ರಷ್ಷನ್ನು ಬಟ್ಟೆಗೆ ಒರೆಸಿ. ನಮ್ಮ ಬಿಸಿಲಿಗೆ ಅಕ್ರಿಲಿಕ್ ಬೇಗ ಒಣಗುತ್ತದೆ, ಬಣ್ಣ ಕಲಸುವ ಪ್ಯಾಲೆಟ್ಟಿಗೆ ಆಗಾಗ ನೀರು ಚಿಮುಕಿಸಿ.

ಎಲ್ಲಕ್ಕಿಂತ ಬೆಳ್ಳಗಿನ, ದಪ್ಪ ಹೊಡೆತಗಳು ಕೊನೆಗೆ. ಬಣವೆಯ ಬಿಸಿಲು ತಾಕಿದ ಭುಜಕ್ಕೆ ನಾಲ್ಕೈದು ಸಾಕು.

ಒಂದೂವರೆ ಗಂಟೆಯಲ್ಲಿ ನೆರಳು ಎಲ್ಲಿಂದ ಎಲ್ಲಿಗೋ ಸರಿದಿರುತ್ತದೆ. ಅದರ ಬೆನ್ನು ಹತ್ತಿ ತಿದ್ದಬೇಡಿ. ನಾಳೆ ಅದೇ ಹೊತ್ತಿಗೆ ಬನ್ನಿ. ಇಲ್ಲವೇ ಮೋನೆಯ ಹಾಗೆ ಆಗಲೇ ಇನ್ನೊಂದು ಕ್ಯಾನ್ವಾಸ್ ಎತ್ತಿಕೊಳ್ಳಿ.