ಬೆಳಕಿನಿಂದ ಮಣ್ಣಿನ ತೇವಾಂಶ ಅಳೆಯುವುದು: ನನ್ನ ಅನುಭವ

ಮಣ್ಣು ನೆನೆದರೆ ಕಪ್ಪಾಗುತ್ತದೆ, ನಿಜ. ಆದರೆ ಸಾವಯವ ಅಂಶ ಹೆಚ್ಚಿದ್ದರೆ ಒಣಮಣ್ಣೂ ಕಪ್ಪಗೇ ಇರುತ್ತದೆ. ಹಾಗಾಗಿ ಕಣ್ಣಿಗೆ ಕಾಣುವ ಬೆಳಕನ್ನು ಬಿಟ್ಟು ಇನ್‌ಫ್ರಾರೆಡ್‌ಗೆ ಹೋದೆ. ನೀರು 970 ನ್ಯಾನೊಮೀಟರ್ ತರಂಗಾಂತರದ ಬಳಿಯೂ ಬೆಳಕು ಹೀರುತ್ತದೆ, ಅಲ್ಲಿ ಬೆಳಕು ಅಳೆಯಲು ಅಗ್ಗದ ಸಿಲಿಕಾನ್ ಫೋಟೊಡಯೋಡ್ ಸಾಕು. ಆದರೆ ಆ ಹೀರಿಕೆ ತೀರಾ ಕಡಿಮೆ. 1450ರ ಬಳಿ ಅದು ಹತ್ತಾರು ಪಟ್ಟು ಜೋರು. ಸಿಲಿಕಾನ್‌ಗೆ 1100ರ ಆಚೆ ಏನೂ ಕಾಣದು. ದುಬಾರಿಯಾದರೂ ಇಂಡಿಯಮ್ ಗ್ಯಾಲಿಯಮ್ ಆರ್ಸೆನೈಡ್ ಡಯೋಡನ್ನೇ ಹಾಕಿದೆ.

1450ರ ಎಲ್‌ಇಡಿ ಮಣ್ಣಿನ ಮೇಲೆ ಬೆಳಕು ಬಿಡುತ್ತದೆ, ಮರಳಿ ಬಂದದ್ದನ್ನು ಡಯೋಡ್ ಅಳೆಯುತ್ತದೆ. ಆದರೆ ಒಂದೇ ಎಲ್‌ಇಡಿ ನಂಬಬಾರದು. ಸೆನ್ಸರ್ ಸ್ವಲ್ಪ ಮೇಲೆದ್ದರೂ, ಹೆಂಟೆಯ ನೆರಳು ಬಿದ್ದರೂ ಓದು ಬದಲಾಗುತ್ತದೆ. ಜೊತೆಗೆ ನೀರು ಅಷ್ಟಾಗಿ ಹೀರದ 1300ರದ್ದೊಂದನ್ನು ಇಟ್ಟು ಎರಡರ ಅನುಪಾತ ತೆಗೆದರೆ ಈ ಏರುಪೇರು ಬಹುಪಾಲು ಕಳೆದುಹೋಗುತ್ತದೆ. ಎಲ್‌ಇಡಿ ಆರಿದಾಗಿನ ಓದನ್ನು ಉರಿದಾಗಿನ ಓದಿನಿಂದ ಕಳೆದರೆ ಬಿಸಿಲಿನ ಕಾಟವೂ ತಪ್ಪುತ್ತದೆ.

ನನ್ನ ಹೆಚ್ಚಿನ ಸಮಯ ಹೋದದ್ದು ಸೆನ್ಸರ್ ಓದನ್ನು ನಿಜವಾದ ತೇವಾಂಶದೊಂದಿಗೆ ತಾಳೆ ಹಾಕುವುದರಲ್ಲಿ. 2 ಮಿಲಿಮೀಟರ್ ಜರಡಿ ಹಿಡಿದ ಮಣ್ಣಿಗೆ ಅಳೆದ ನೀರು ಸಿಂಪಡಿಸಿ, ಕಲಸಿ, ಡಬ್ಬಿಯಲ್ಲಿ ಮುಚ್ಚಿ ರಾತ್ರಿಯಿಡೀ ಬಿಡುತ್ತೇನೆ. ಆಗಷ್ಟೇ ತೇವ ಎಲ್ಲೆಡೆ ಸಮನಾಗಿ ಹರಡುತ್ತದೆ. ಬೆಳಿಗ್ಗೆ ಸೆನ್ಸರ್ ಓದು ಬರೆದುಕೊಂಡು, ಅದೇ ಮಣ್ಣನ್ನು ತೂಗಿ, ಓವನ್‌ನಲ್ಲಿ 105 ಡಿಗ್ರಿ ಸೆಲ್ಸಿಯಸ್‌ನಲ್ಲಿ 24 ಗಂಟೆ ಒಣಗಿಸಿ ಮತ್ತೆ ತೂಗುತ್ತೇನೆ. 62 ಗ್ರಾಂ ಇದ್ದದ್ದು 50ಕ್ಕೆ ಇಳಿದರೆ, ಹೋದ 12 ಗ್ರಾಂ ನೀರನ್ನು ಒಣತೂಕ 50ರಿಂದ ಭಾಗಿಸಬೇಕು: ತೇವಾಂಶ ಶೇ 24. ಈ ಓವನ್ ಲೆಕ್ಕವಿಲ್ಲದೆ ಸೆನ್ಸರ್ ಕೊಡುವ ಅಂಕಿಗೆ ಅರ್ಥವೇ ಇಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ. ಓದನ್ನೂ ತೇವಾಂಶವನ್ನೂ ಜೋಡಿಸಿ ಮರಳುಮಣ್ಣಿಗೆ ಎಳೆದ ರೇಖೆ ಜೇಡಿಮಣ್ಣಿಗೆ ಹೊಂದುವುದಿಲ್ಲ, ಏಕೆಂದರೆ ಜೇಡಿಯ ಖನಿಜಗಳೇ 1400ರ ಸುತ್ತ ಒಂದಿಷ್ಟು ಬೆಳಕು ಹೀರುತ್ತವೆ. ಮಣ್ಣು ಬದಲಾದರೆ ರೇಖೆಯನ್ನೂ ಹೊಸದಾಗಿ ಎಳೆಯಬೇಕು.

ತೇವ ಹೆಚ್ಚಿದಂತೆ ರೇಖೆ ಮೊದಲು ಸರ್ರನೆ ಇಳಿದು, ಆಮೇಲೆ ಮಲಗಿಬಿಡುತ್ತದೆ. ಮೇಲೆ ನೀರು ನಿಂತು ಮಿರುಗತೊಡಗಿದರೆ ಓದು ತಿರುಗಿ ಏರುವುದೂ ಉಂಟು. ಆ ಮಿರುಗು ಡಯೋಡಿಗೆ ನೇರ ಹೊಡೆಯದಂತೆ ಎಲ್‌ಇಡಿಯನ್ನು ನೆಟ್ಟಗೆ, ಡಯೋಡನ್ನು 45 ಡಿಗ್ರಿ ಓರೆಗೆ ಕೂರಿಸಿದ್ದೇನೆ.

ಈ ಬೆಳಕು ಕಾಣುವುದು ಮಣ್ಣಿನ ತೊಗಟೆಯನ್ನು ಮಾತ್ರ. ಮೇಲ್ಪದರ ಬೂದಿಯಂತೆ ಒಣಗಿದ್ದರೂ ಬೆರಳುದ್ದ ಕೆಳಗೆ ಹಸಿ ಇರಬಹುದು. ಅದಕ್ಕೇ ಬೇಕಾದ ಆಳಕ್ಕೆ ಮಣ್ಣು ಕೆರೆದು, ಹೊಸ ಮುಖ ಗಾಳಿಗೆ ಆರುವ ಮೊದಲೇ ಸೆನ್ಸರ್ ಒತ್ತಿ ಓದುತ್ತೇನೆ.