ಮಡಿಕೇರಿಯಲ್ಲಿ ಆಟೋಕ್ಲೇವ್ ಇಡುವುದು ಹೇಗೆ: ಕುಲಾಂತರಿ ಬ್ಯಾಕ್ಟೀರಿಯಾ ಲ್ಯಾಬ್ ದಾಟದಿರಲು

ನಮ್ಮ ಲ್ಯಾಬಿನ ಸಿಂಕಿನ ನೀರು ಚರಂಡಿಗೆ ಇಳಿಯುತ್ತದೆ. ಚರಂಡಿ ತೋಡಿಗೆ, ತೋಡು ಮುಂದೆ ಕಾವೇರಿಗೆ. ಪ್ರಾಜೆಕ್ಟಿಗೆ ಬರುವ ಮಕ್ಕಳಿಗೆ ನಾನು ಮೊದಲು ತೋರಿಸುವುದು ಆ ಚರಂಡಿಯನ್ನೇ.

ನಾವು ಬೆಳೆಸುವುದು ಇ. ಕೋಲೈ ಎಂಬ ಬ್ಯಾಕ್ಟೀರಿಯಾದ ಕೆ-12 ತಳಿ. ಅದು ರೋಗ ತರುವುದಿಲ್ಲ. ಮತ್ತೆ ಇಷ್ಟೆಲ್ಲ ಯಾಕೆ ಮೇಡಂ ಅಂತ ಕೇಳುತ್ತಾರೆ. ನಾವು ಸೇರಿಸುವ ಪ್ಲಾಸ್ಮಿಡ್‌ನಲ್ಲಿ (ಉಂಗುರದಂಥ ಚಿಕ್ಕ ಡಿಎನ್‌ಎ) ಆಂಪಿಸಿಲಿನ್ ಎಂಬ ಆಂಟಿಬಯೋಟಿಕ್‌ಗೆ ಬಗ್ಗದ ಜೀನ್ ಇರುತ್ತದೆ. ಅದು ಹೊರಗಿನ ಬ್ಯಾಕ್ಟೀರಿಯಾಗೆ ದಾಟಬಹುದು, ಅಲ್ವಾ? ಅದಕ್ಕೇ ಕುಲಾಂತರಿ ಜೀವಿಗಳ ಬಗ್ಗೆ 1989ರ ಕೇಂದ್ರದ ನಿಯಮಗಳಿವೆ. ಸಂಸ್ಥೆಯ ಜೈವಿಕ ಸುರಕ್ಷತಾ ಸಮಿತಿಯನ್ನು ಕೇಳದೆ ಕೆಲಸ ಶುರು ಮಾಡಬೇಡಿ.

ಇನ್ನು ಆಟೋಕ್ಲೇವ್, ಅಂದರೆ ಒತ್ತಡದ ಹಬೆಯಲ್ಲಿ ಸೂಕ್ಷ್ಮಜೀವಿಗಳನ್ನು ಕೊಲ್ಲುವ ಯಂತ್ರ. ಪುಸ್ತಕದಲ್ಲಿ 15 ಪೌಂಡ್ ಒತ್ತಡ, 121 ಡಿಗ್ರಿ ಅಂತ ಇರುತ್ತದೆ. ಅದು ಸಮುದ್ರಮಟ್ಟದ ಲೆಕ್ಕ. ಮಡಿಕೇರಿ ಸುಮಾರು 1,150 ಮೀಟರ್ ಎತ್ತರದಲ್ಲಿದೆ, ಇಲ್ಲಿ ಗಾಳಿಯ ಒತ್ತಡವೇ ಕಡಿಮೆ. ಮೀಟರಿನ ಮುಳ್ಳು 15ಕ್ಕೆ ಬಂದರೂ ಒಳಗೆ 119 ಡಿಗ್ರಿ ಆಸುಪಾಸು ಇರುತ್ತದೆ. 121 ಬೇಕಾದರೆ 17 ಪೌಂಡ್ ಬೇಕು. ನಿಮ್ಮ ಯಂತ್ರಕ್ಕೆ ಅಷ್ಟು ತಾಳುವ ಶಕ್ತಿ ಇಲ್ಲದಿದ್ದರೆ ಸೇಫ್ಟಿ ವಾಲ್ವ್ ಮುಟ್ಟಲೇಬೇಡಿ, ಸಮಯ ಜಾಸ್ತಿ ಕೊಡಿ. ನಾನು ಕಸಕ್ಕೆ 45 ನಿಮಿಷ ಇಡುತ್ತೇನೆ. ಮೊದಲು ಒಳಗಿನ ಗಾಳಿ ಪೂರ್ತಿ ಹೋಗಿ ಹಬೆ ಒಂದೇ ಸಮ ಬರುವವರೆಗೆ ಕಾಯಿರಿ, ಆಮೇಲೆ ಗಾಳಿ ಬಿಡುವ ವಾಲ್ವ್ ಮುಚ್ಚಿ.

ಕಸದ ಚೀಲದ ಬಾಯಿ ಬಿಗಿಯಾಗಿ ಕಟ್ಟಬೇಡಿ. ಒಮ್ಮೆ ನಾನೇ ಹಾಗೆ ಕಟ್ಟಿ, ಒತ್ತೊತ್ತಾಗಿ ತುಂಬಿ ಇಟ್ಟಿದ್ದೆ. ಹೊರಗೆ ಅಂಟಿಸಿದ, ಬಿಸಿಗೆ ಬಣ್ಣ ಬದಲಿಸುವ ಟೇಪಿನ ಗೆರೆ ಕಪ್ಪಾಗಿತ್ತು. ಯಾಕೋ ಸಂಶಯ ಬಂದು ಬಿಚ್ಚಿ ನೋಡಿದೆ. ನಡುವಿನ ಪ್ಲೇಟಿನ ಅಗರ್ (ಬ್ಯಾಕ್ಟೀರಿಯಾ ಬೆಳೆಸುವ ಜೆಲ್ಲಿ) ಕರಗಿರಲೇ ಇಲ್ಲ. ಯುವಿ ದೀಪ ಹಿಡಿದರೆ, ನಾವು ಹೊಳೆಯುವ ಜೀನ್ ಸೇರಿಸಿದ್ದ ಬ್ಯಾಕ್ಟೀರಿಯಾ ಕಾಲೊನಿಗಳು ಹಸಿರಾಗಿ ಹೊಳೆದವು. ಹಬೆ ಅಲ್ಲಿಗೆ ತಲುಪಿರಲಿಲ್ಲ. ಆವತ್ತು ನನಗೆ ನಿಜಕ್ಕೂ ಭಯವಾಯಿತು. ಟೇಪು ಹೇಳುವುದು ಹೊರಗಿನ ಬಿಸಿಯನ್ನು ಮಾತ್ರ. ಅದಕ್ಕೇ ಈಗ ಚೀಲ ಮುಕ್ಕಾಲು ಭಾಗ ಮಾತ್ರ ತುಂಬುತ್ತೇನೆ, ಆಗಾಗ ಸ್ಪೋರ್ ಸ್ಟ್ರಿಪ್ (ಬಿಸಿಗೆ ಸುಲಭವಾಗಿ ಸಾಯದ ಬ್ಯಾಕ್ಟೀರಿಯಾ ಬೀಜಕಗಳ ಪಟ್ಟಿ) ನಡುವೆ ಇಟ್ಟು ಪರೀಕ್ಷೆ ಮಾಡುತ್ತೇನೆ.

ಜುಲೈ ಮಳೆಯಲ್ಲಿ ಕರೆಂಟು ಯಾವಾಗ ಹೋಗುತ್ತದೋ ಹೇಳಲಾಗದು. 30ನೇ ನಿಮಿಷಕ್ಕೆ ಹೋಯಿತಾ? ಕರೆಂಟು ಬಂದ ಮೇಲೆ ಉಳಿದ 15 ನಿಮಿಷ ಅಲ್ಲ, ಮತ್ತೆ ಪೂರ್ತಿ 45 ಇಡಿ. ಅಲ್ಲಿಯವರೆಗೆ ಮುಚ್ಚಳ ತೆಗೆಯಬೇಡಿ, ಮೇಲೆ ‘ಇನ್ನೂ ಆಗಿಲ್ಲ’ ಎಂದು ಚೀಟಿ ಅಂಟಿಸಿ.

ಕಲ್ಚರ್ (ಬ್ಯಾಕ್ಟೀರಿಯಾ ಬೆಳೆದ ದ್ರವ) ಚೆಲ್ಲಿದರೆ ಓಡಿ ಹೋಗಿ ಒರೆಸಬೇಡಿ. ಟಿಶ್ಯೂ ಹೊದಿಸಿ, ಒಂದು ಪಾಲು ಬ್ಲೀಚ್‌ಗೆ ಒಂಬತ್ತು ಪಾಲು ನೀರು ಸೇರಿಸಿ, ಅಂಚಿನಿಂದ ನಡುವಿಗೆ ಸುರಿಯಿರಿ. 20 ನಿಮಿಷ ಬಿಡಿ. ಈ ದ್ರಾವಣವನ್ನು ದಿನಾ ಹೊಸದಾಗಿ ಮಾಡಬೇಕು. ಬ್ಲೀಚ್ ಹಾಕಿದ್ದನ್ನು ಆಟೋಕ್ಲೇವ್‌ಗೆ ಇಡಲೇಬಾರದು, ವಿಷದ ಗಾಳಿ ಬರುತ್ತದೆ. ಮೇಜು ಒರೆಸಲು 70 ಶೇಕಡಾ ಆಲ್ಕೊಹಾಲ್ ಸಾಕು, ಆದರೆ ಬರ್ನರ್ ಆರಿಸಿದ ಮೇಲೆ.

ಮಳೆಗಾಲದಲ್ಲಿ ಇರುವೆಗಳು ಒಳಗೆ ಬರುತ್ತವೆ. ಪ್ಲೇಟಿನ ಅಂಚಿಗೆ ಪ್ಯಾರಾಫಿಲ್ಮ್ (ಹಿಗ್ಗುವ ಮೇಣದ ಪಟ್ಟಿ) ಸುತ್ತಿ. ಕೋಟು ಒದ್ದೆಯಾಗಿದೆ ಅಂತ ಮನೆಗೆ ಒಯ್ಯಬೇಡಿ, ಲ್ಯಾಬಿನಲ್ಲೇ ಒಣಗಲಿ. ಕೈ ಸೋಪಿನಲ್ಲಿ ತೊಳೆದು, ರಿಜಿಸ್ಟರ್‌ನಲ್ಲಿ ಸಮಯ, ಒತ್ತಡ, ಡಿಗ್ರಿ ಬರೆದು ಸಹಿ ಹಾಕಿದ ಮೇಲೆಯೇ ಬಸ್ಸಿಗೆ ಹೊರಡಿ.